ಕೆಟ್ಟ ರೇಡಿಯೊ ಮತ್ತು ಇಬ್ಬರು ಹುಡುಗರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಮಿತಿಯವರು ನನ್ನನ್ನು ಕರೆಯುವಾಗ, "ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೀರಿ, ಮಕ್ಕಳಿಗೆ ಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಒಪ್ಪಿಕೊಂಡೆ. ಆಮೇಲೆ ಹದಿನೈದು ದಿನ ಯೋಚಿಸಿದೆ. ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ಮನೆ ಸಾಲದ ಕಂತು ಹೋಗುತ್ತದೆ. ಸಾಧನೆ ಎಂದು ಹೇಳಿಕೊಳ್ಳುವಂಥದ್ದು ಕಾಣಲಿಲ್ಲ. ಹಾಗಾಗಿ ವಿಷಯ ಬದಲಿಸಿದ್ದೇನೆ, ಸಮಿತಿಯವರು ಕ್ಷಮಿಸಬೇಕು. 2001ರಿಂದ 2004ರವರೆಗೆ ಈ ಶಾಲೆಯಲ್ಲಿ ಓದುವಾಗ ನನಗೆ ಒಂದು ಹುಚ್ಚು ಹಿಡಿಯಿತು. ರೇಡಿಯೊ, ಟ್ರಾನ್ಸಿಸ್ಟರ್, ವೈರು, ಬೆಸುಗೆ, ಇವುಗಳ ಹುಚ್ಚು. ಅದರ ಬಗ್ಗೆ ಮಾತಾಡುತ್ತೇನೆ.

ಈ ಹುಚ್ಚು ತಾನಾಗಿ ಹಿಡಿಯಲಿಲ್ಲ, ಇನ್ನೊಬ್ಬ ಹಿಡಿಸಿದ. ಅವನು ಇವತ್ತು ಇಲ್ಲೇ ಇದ್ದಾನೆ. ಹೆಸರು ಹೇಳಬಾರದು ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾನೆ, ಹಾಗಾಗಿ ಬರೀ ಗೆಳೆಯ ಎನ್ನುತ್ತೇನೆ. ಊರಿನವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಅದಕ್ಕೆ ನಾನು ಹೊಣೆಯಲ್ಲ.

ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಆಗ ಒಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಅಂಗಡಿಯವರನ್ನು ಇಡೀ ಊರು ರೇಡಿಯೊ ಕಾಕಾ ಎಂದೇ ಕರೆಯುತ್ತಿತ್ತು. ಈಗ ಅವರಿಲ್ಲ. ನಾಲ್ಕು ಹೆಜ್ಜೆ ಅಗಲದ ಅಂಗಡಿ, ಮುಂದೆ ಒಂದು ಮೇಜು, ಹಿಂದೆ ಗೋಡೆಯುದ್ದಕ್ಕೂ ವಾರಸುದಾರರು ಮರೆತುಹೋದ ರೇಡಿಯೊ, ಟೇಪ್ ರೆಕಾರ್ಡರ್, ಕಪ್ಪು ಬಿಳುಪು ಟಿವಿ. ನನ್ನ ಗೆಳೆಯ ಶಾಲೆ ಬಿಟ್ಟ ಮೇಲೆ ಅಲ್ಲಿ ಕಸ ಹೊಡೆದು, ಹಳೆಯ ಬೋರ್ಡುಗಳಿಂದ ಬಿಡಿಭಾಗ ಕಿತ್ತು ಡಬ್ಬಿಗಳಿಗೆ ಹಾಕುತ್ತಿದ್ದ. ಕಾಕಾ ಅವನಿಗೆ ದುಡ್ಡು ಕೊಡುತ್ತಿದ್ದದ್ದು ಕಡಿಮೆ. ಕಿತ್ತ ಸಾಮಾನಿನಲ್ಲಿ ಒಂದು ಪಾಲು ಕೊಡುತ್ತಿದ್ದರು. ನಮಗೆ ಅದು ದುಡ್ಡಿಗಿಂತ ದೊಡ್ಡದು.

ಒಂದು ದಿನ ಅವನು ನನ್ನನ್ನು ತನ್ನ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ, ಹಳೆಯ ಟೆಲಿಫೋನಿನ ರಿಸೀವರ್ ಕಿವಿಗೆ ಇಟ್ಟ. ಸಣ್ಣಗೆ, ಬಹಳ ದೂರದಲ್ಲಿ ಯಾರೋ ಮಾತಾಡಿದ ಹಾಗೆ, ಧಾರವಾಡ ಆಕಾಶವಾಣಿಯ ರೈತರ ಕಾರ್ಯಕ್ರಮ ಕೇಳಿಸಿತು. ಎಲ್ಲಿಂದ ಬರುತ್ತಿದೆ ಎಂದು ನೋಡಿದೆ. ಪ್ಲಾಸ್ಟಿಕ್ ಪೈಪಿನ ತುಂಡಿಗೆ ಸುತ್ತಿದ ತಾಮ್ರದ ತಂತಿ, ಹಳೆಯ ರೇಡಿಯೊದಿಂದ ಕಿತ್ತ ಗ್ಯಾಂಗ್ ಕಂಡೆನ್ಸರ್, ಅಕ್ಕಿ ಕಾಳಿನಷ್ಟು ದೊಡ್ಡ ಗಾಜಿನ ಡಯೋಡ್. ಒಂದು ತಂತಿ ಬೇವಿನ ಮರದ ತುದಿಗೆ ಹೋಗಿತ್ತು, ಇನ್ನೊಂದು ಬೋರಿನ ಪೈಪಿಗೆ. ಅಷ್ಟೇ.

"ಸೆಲ್ ಎಲ್ಲೈತಿ?" ಅಂತ ಕೇಳಿದೆ.

"ಸೆಲ್ಲ ಇಲ್ಲ."

"ಸೆಲ್ ಇಲ್ದ ಹೆಂಗ ಹಾಡ್ತೈತಲೇ?"

"ಗಾಳ್ಯಾಗ ಬರೂದನ್ನs ಉಣ್ಣತೈತಿ ಅದು" ಅಂದ.

ಎಂಟನೆಯ ತರಗತಿಯ ಹುಡುಗ ಹೇಳಿದ ಈ ಮಾತಿಗಿಂತ ಚೆನ್ನಾಗಿ ಮುಂದೆ ಎಂಜಿನಿಯರಿಂಗ್ ಕಾಲೇಜಿನಲ್ಲೂ ಯಾರೂ ನನಗೆ ಹೇಳಲಿಲ್ಲ. ಧಾರವಾಡ ಕೇಂದ್ರ 765 ಕಿಲೋಹರ್ಟ್ಸ್‌ನಲ್ಲಿ ಕಳಿಸುವ ಅಲೆ ಮರದ ಮೇಲಿನ ತಂತಿಗೆ ತಾಗಿ, ಅದರಲ್ಲಿ ಕೂದಲೆಳೆಯಷ್ಟು ಕರೆಂಟು ಹುಟ್ಟುತ್ತದೆ. ಸುರುಳಿ ಮತ್ತು ಗ್ಯಾಂಗ್ ಸೇರಿ ಒಂದು ಕೇಂದ್ರವನ್ನು ಆರಿಸುತ್ತವೆ. ಡಯೋಡ್ ಅಲೆಯ ಅರ್ಧವನ್ನು ತಡೆದು ಉಳಿದದ್ದನ್ನು ಬಿಡುತ್ತದೆ, ಆಗ ಅದರ ಮೇಲೆ ಸವಾರಿ ಮಾಡಿ ಬಂದ ಮಾತು ಕಿವಿಗೆ ಕೇಳುತ್ತದೆ. ಬ್ಯಾಟರಿಯೇ ಬೇಕಿಲ್ಲ. ಮನೆಗೆ ಹೋಗಿ ನಾನೂ ಮಾಡಿದೆ, ನನ್ನದು ಹಾಡಲಿಲ್ಲ. ಮೂರು ದಿನ ಸುರುಳಿ ಬಿಚ್ಚಿ ಸುತ್ತಿದೆ. ಗೆಳೆಯ ಬಂದು ನೋಡಿದವನೇ ನಕ್ಕ. ನಾನು ಹಾಕಿದ್ದು ಚಾರ್ಜರಿನಿಂದ ಕಿತ್ತ ಕರೀ ಸಿಲಿಕಾನ್ ಡಯೋಡ್. ಅದು ಬಾಗಿಲು ತೆರೆಯಲು ಅರ್ಧ ವೋಲ್ಟಿಗಿಂತ ಹೆಚ್ಚು ಬೇಕು. ಮರದ ತಂತಿಯಲ್ಲಿ ಬರುವುದು ಅಷ್ಟೂ ಇರುವುದಿಲ್ಲ. ಜರ್ಮೇನಿಯಂ ಡಯೋಡ್ ಅದರ ಅರ್ಧಕ್ಕಿಂತ ಕಡಿಮೆಯಲ್ಲೇ ತೆರೆದುಕೊಳ್ಳುತ್ತದೆ. ತನ್ನ ಡಬ್ಬಿಯಲ್ಲಿ ಅಂಥವು ಎರಡೇ ಇದ್ದವು, ಒಂದನ್ನು ನನಗೆ ಕೊಟ್ಟ.

ಬೋಸ್ ಅವರ ಹೆಸರು ಪಾಠದಲ್ಲಿ ಓದಿರುತ್ತೀರಿ, ಗಿಡಗಳ ವಿಷಯದಲ್ಲಿ. ಅದೇ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಅದಿರಿನ ಹರಳಿನಿಂದ ರೇಡಿಯೊ ಅಲೆಯನ್ನು ಹಿಡಿಯುವ ಸಾಧನ ಮಾಡಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ನಮ್ಮ ಆ ಗಾಜಿನ ಡಯೋಡಿಗೆ ಅದು ಅಜ್ಜ ಎನ್ನಬಹುದು. ನಮಗೆ ಆಗ ಗೊತ್ತಿರಲಿಲ್ಲ.

ಕಾಕಾ ಅವರಿಂದ ಕಲಿತದ್ದನ್ನೂ ಹೇಳಿಬಿಡುತ್ತೇನೆ. ಯಾವುದೇ ಸೆಟ್ ಬಂದರೂ ಅವರು ಮೊದಲು ಮೂಸಿ ನೋಡುತ್ತಿದ್ದರು. "ಮೊದಲ ಮೂಗು, ಆಮ್ಯಾಲೆ ಕಣ್ಣು, ಆಮ್ಯಾಲೆ ಕಿವಿ, ಕಡೀಕ ಮೀಟರ್" ಎನ್ನುತ್ತಿದ್ದರು. ಸುಟ್ಟ ರೆಸಿಸ್ಟರಿನ ವಾಸನೆ ಬೇರೆ, ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಬೇರೆ. ಇನ್ನೊಂದು: ಟಿವಿ ತಲೆಯ ಮೇಲೆ ಹೊಡೆದರೆ ಚಿತ್ರ ಬರುತ್ತದಲ್ಲ, ಇಲ್ಲಿರುವ ಹಿರಿಯರೆಲ್ಲ ಹೊಡೆದವರೇ. ಅದು ಪವಾಡವೇನಲ್ಲ, ಒಳಗೆ ಎಲ್ಲೋ ಬೆಸುಗೆ ಬಿಟ್ಟಿರುತ್ತದೆ, ಅದಕ್ಕೆ ಡ್ರೈ ಸೋಲ್ಡರ್ ಎನ್ನುತ್ತಾರೆ. ಹೊಡೆದಾಗ ಕ್ಷಣ ಕೂಡಿಕೊಂಡು ಮತ್ತೆ ಬಿಡುತ್ತದೆ. ಕಾಕಾ ಭೂತಗನ್ನಡಿ ಹಿಡಿದು, ಬೆಸುಗೆಯ ಸುತ್ತ ಉಂಗುರದಂತೆ ಬಿರುಕು ಬಿಟ್ಟಿರುವುದನ್ನು ನಮಗೆ ತೋರಿಸಿ, ಐರನ್ ತಾಗಿಸಿ, ಹೊಳೆಯುವ ಹನಿ ಮಾಡುತ್ತಿದ್ದರು. ಗಿರಾಕಿ ಎದುರಿಗಿದ್ದರೂ ತೋರಿಸುತ್ತಿದ್ದರು. ವಿದ್ಯೆ ಬಚ್ಚಿಟ್ಟುಕೊಳ್ಳುವ ರಿಪೇರಿಯವರನ್ನು ಆಮೇಲೆ ಬಹಳ ನೋಡಿದ್ದೇನೆ. ಕಾಕಾ ಹಾಗಿರಲಿಲ್ಲ.

ಈಗ ನೀರಿನ ಅಲಾರಂ ವಿಷಯ. ಆಗ ನಮ್ಮೂರಲ್ಲಿ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ, ಅದೂ ರಾತ್ರಿ, ಯಾವ ಹೊತ್ತಿಗೆಂದು ಹೇಳಲಾಗದು. ತಾಯಂದಿರಿಗೆ ನೆನಪಿರಬೇಕು. ಗೆಳೆಯನ ಅವ್ವ ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ನಲ್ಲಿಯ ಹತ್ತಿರ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಒಂದು ರಾತ್ರಿ ನಿದ್ದೆ ಹತ್ತಿ ನೀರು ತಪ್ಪಿಹೋಯಿತು. ಮರುದಿನ ಅವನು ನನಗೆ ಹೇಳಿದ್ದು ಒಂದೇ ಮಾತು: "ಏನರ ಮಾಡೂಣು."

ಮಾಡಿದೆವು. ಬಿಸಿ 547 ಎಂಬ ಒಂದು ಟ್ರಾನ್ಸಿಸ್ಟರ್. ಅದರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಒಂಬತ್ತು ವೋಲ್ಟಿನ ಸೆಲ್ಲಿನ ಪ್ಲಸ್‌ನಿಂದ ಬಜರ್‌ಗೆ, ಬಜರ್‌ನಿಂದ ಕಲೆಕ್ಟರಿಗೆ, ಎಮಿಟರ್‌ನಿಂದ ಮೈನಸ್‌ಗೆ. ಬೇಸಿನಿಂದ ಒಂದು ರೆಸಿಸ್ಟರ್ ದಾಟಿ ಒಂದು ತಂತಿ, ಪ್ಲಸ್‌ನಿಂದ ಇನ್ನೊಂದು ತಂತಿ, ಎರಡನ್ನೂ ಕೊಡದ ತಳದಲ್ಲಿ ಒಂದಕ್ಕೊಂದು ತಾಗದಂತೆ ಇಡುವುದು. ನೀರು ಬಂದು ಎರಡೂ ತಂತಿ ಮುಳುಗಿದರೆ ನೀರಿನ ಮೂಲಕ ಬಹಳ ಸಣ್ಣ ಕರೆಂಟು ಬೇಸಿಗೆ ಹೋಗುತ್ತದೆ. ಟ್ರಾನ್ಸಿಸ್ಟರ್ ಅದರ ನೂರು ಪಟ್ಟಿಗೂ ಹೆಚ್ಚಿನ ಕರೆಂಟನ್ನು ಬಜರ್ ಮೂಲಕ ಹರಿಯಬಿಡುತ್ತದೆ. ಮಕ್ಕಳೇ, ಇದನ್ನು ಬರೆದುಕೊಳ್ಳಬೇಕಾಗಿಲ್ಲ, ಕೊನೆಯಲ್ಲಿ ಕೊಡುತ್ತೇನೆ.

ಮೊದಲ ವಾರ ಚೆನ್ನಾಗಿ ಕೂಗಿತು. ಎರಡನೆಯ ವಾರ ಕೂಗಲಿಲ್ಲ. ತೆಗೆದು ನೋಡಿದರೆ ಪ್ಲಸ್ಸಿಗೆ ಕಟ್ಟಿದ ತಾಮ್ರದ ತಂತಿ ಹಸಿರು ಹಸಿರಾಗಿ ಸವೆದುಹೋಗಿತ್ತು, ಮೈನಸ್ ಕಡೆಯದು ನೆಟ್ಟಗಿತ್ತು. ಯಾಕೆ ಹೀಗೆ ಎಂದು ನಮ್ಮ ವಿಜ್ಞಾನದ ಸರ್ ಹತ್ತಿರ ಒಯ್ದೆವು. ಅವರು ಇಲ್ಲೇ ವೇದಿಕೆಯ ಮೇಲೆ ಕೂತಿದ್ದಾರೆ, ನಿವೃತ್ತರಾಗಿ ಬಹಳ ವರ್ಷವಾಯಿತು. ಸರ್ ಪಾಠ ಬದಿಗಿಟ್ಟು, ಆವತ್ತಿನ ಪೂರ್ತಿ ಪಿರಿಯಡ್ಡು ನಮ್ಮ ಹಸಿರು ತಂತಿಯ ಮೇಲೆಯೇ ವಿದ್ಯುದ್ವಿಭಜನೆ ಹೇಳಿದರು. ಪುಸ್ತಕದಲ್ಲಿ ಅದು ಹತ್ತು ಪುಟ ಮುಂದಿತ್ತು. ಆಮೇಲೆ, "ಕರಗದೇ ಇರುವುದು ಏನಾದರೂ ಹುಡುಕಿ" ಎಂದರು. ಗೆಳೆಯ ಹುಡುಕಿದ. ಖಾಲಿಯಾದ ಟಾರ್ಚ್ ಸೆಲ್ಲನ್ನು ಒಡೆದರೆ ನಡುವೆ ಒಂದು ಇದ್ದಿಲ ಕಡ್ಡಿ ಇರುತ್ತದೆ, ಅದರ ತಲೆಗೆ ಸಣ್ಣ ಹಿತ್ತಾಳೆ ಟೊಪ್ಪಿಗೆ. ಟೊಪ್ಪಿಗೆಗೆ ತಂತಿ ಬೆಸೆದು ಕಡ್ಡಿಯನ್ನು ನೀರಿಗೆ ಬಿಟ್ಟೆವು. ಅದು ಹಾಳಾಗಲೇ ಇಲ್ಲ. ಓಣಿಯ ಆರು ಮನೆಗೆ ಮಾಡಿಕೊಟ್ಟೆವು. ಗೆಳೆಯನ ಅವ್ವ ಚಾಪೆ ಒಳಗೆ ತಂದರು.

ಆ ವರ್ಷದಿಂದ ಸರ್ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಲ್ಯಾಬಿನ ಕಪಾಟು ತೆರೆದಿಡುತ್ತಿದ್ದರು. ಅದರಲ್ಲಿ ಇದ್ದದ್ದು ಗ್ಯಾಲ್ವನೋಮೀಟರ್, ನಾಲ್ಕು ಬೆಲ್ಲು, ಕಾಂತ. ಆದರೂ ಬೀಗ ತೆರೆದ ಕಪಾಟು ಅದು.

ಇನ್ನು ನಾನು ನಿಜವಾಗಿ ಹೇಳಲು ಬಂದ ವಿಷಯ. ಈ ಮಾತನ್ನು ಇಪ್ಪತ್ತು ವರ್ಷದಿಂದ ಹೇಳಬೇಕೆಂದುಕೊಂಡು ಹೇಳಿಲ್ಲ.

2003ರ ಆಗಸ್ಟ್ 14ರ ಸಂಜೆ. ಮರುದಿನದ ಕಾರ್ಯಕ್ರಮಕ್ಕೆ ಶಾಲೆಯ ಆಂಪ್ಲಿಫಯರ್ ಪರೀಕ್ಷೆ ಮಾಡಲು ನಮ್ಮಿಬ್ಬರಿಗೆ ಹೇಳಿದ್ದರು. ಕರೆಂಟು ಇರಲಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ತಂದೆವು. ಗೆಳೆಯ ಹಾರ್ನ್ ಕಟ್ಟಲು ಮಾಳಿಗೆ ಹತ್ತಿದ್ದ. "ನಾ ಬರೂತನಕಾ ಕೈ ಹಚ್ಚಬ್ಯಾಡ" ಎಂದು ಮೇಲಿನಿಂದ ಕೂಗಿದ. ನಾನು ತರಗತಿಗೆ ಮೊದಲಿಗ, ನನಗೆ ಬರುವುದಿಲ್ಲವೇ? ಕತ್ತಲಲ್ಲಿ ಕೆಂಪು ವೈರನ್ನು ಮೈನಸ್ಸಿಗೂ ಕಪ್ಪನ್ನು ಪ್ಲಸ್ಸಿಗೂ ಹಾಕಿದೆ. ಟಪ್ ಎಂದಿತು. ಆಮೇಲೆ ಆ ವಾಸನೆ, ಕಾಕಾ ಹೇಳಿದ್ದರಲ್ಲ, ಆ ವಾಸನೆ.

ಸರಿಯಾದ ಫ್ಯೂಸ್ ಇದ್ದಿದ್ದರೆ ಫ್ಯೂಸ್ ಹೋಗಿ ಅಲ್ಲಿಗೇ ಮುಗಿಯುವ ಸಾಧ್ಯತೆ ಇತ್ತು. ಯಾವಾಗಲೋ ಯಾರೋ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿದ್ದರು. ಹೊಲದ ಮೋಟರಿಗೂ ನಾವೆಲ್ಲ ಇದನ್ನೇ ಮಾಡುತ್ತೇವೆ. ಫ್ಯೂಸ್ ತಾನು ಸತ್ತು ಯಂತ್ರವನ್ನು ಉಳಿಸಬೇಕು. ತಂತಿ ತಾನು ಉಳಿದು ಯಂತ್ರವನ್ನು ಕೊಂದಿತು. ಒಳಗೆ 2ಎನ್3055 ಎಂಬ ದೊಡ್ಡ ಟ್ರಾನ್ಸಿಸ್ಟರ್ ಎರಡು, ಎರಡೂ ಹೋಗಿದ್ದವು.

ಮರುದಿನ ಮೈಕಿಲ್ಲದೆ ಧ್ವಜಾರೋಹಣ ಆಯಿತು. ಭಾಷಣ ಹಿಂದಿನ ಸಾಲಿಗೆ ಕೇಳಲಿಲ್ಲ. ಆಮೇಲೆ ಹೆಡ್‌ಮಾಸ್ತರರು ನಮ್ಮಿಬ್ಬರನ್ನು ಕರೆದು, "ಯಾರು ಮಾಡಿದ್ದು?" ಎಂದರು. ಎಲ್ಲರ ಕಣ್ಣು ಗೆಳೆಯನ ಮೇಲೆ. ರಿಪೇರಿ ಅಂಗಡಿಯ ಹುಡುಗ ಅವನು, ಕಿತ್ತಾಡುವವನು ಅವನು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವನು ನನ್ನ ಮುಖವನ್ನು ಒಮ್ಮೆ ನೋಡಿ, "ನಾನ ರೀ ಸರ್" ಅಂದ.

ಅವನಿಗೆ ಲ್ಯಾಬು ಬಂದ್ ಆಯಿತು. ಕಾಕಾ ಆಂಪ್ಲಿಫಯರ್ ರಿಪೇರಿ ಮಾಡಿಕೊಟ್ಟರು. ಟ್ರಾನ್ಸಿಸ್ಟರಿನ ದುಡ್ಡು ತೀರುವ ತನಕ ಗೆಳೆಯ ಅಂಗಡಿಯಲ್ಲಿ ಪುಕ್ಕಟೆ ಕೆಲಸ ಮಾಡಿದ. ಆ ವರ್ಷ ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನಕ್ಕೆ ನೀರಿನ ಅಲಾರಂ ಹೋಯಿತು. ಅಲಾರಂ ಅವನ ಕೈಯದು, ಇದ್ದಿಲ ಕಡ್ಡಿಯ ಉಪಾಯ ಅವನದು. ಅದರ ಹಿಂದೆ ನಿಂತು ವಿವರಣೆ ಕೊಟ್ಟು ಬಹುಮಾನ ತಂದವನು ನಾನು. ಆ ಸರ್ಟಿಫಿಕೇಟು ಈಗಲೂ ನಮ್ಮ ಮನೆಯಲ್ಲಿದೆ.

ಬಹಳ ವರ್ಷದ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನೀ ಅಂತ ಗೊತ್ತಾಗಿದ್ರ ನಿಮ್ಮಪ್ಪ ಇದನ್ನೆಲ್ಲಾ ಬಿಡಸ್ತಿದ್ದ. ನನಗ ಬಿಡಸವರು ಯಾರಿದ್ರು?" ಅಂದ. ಮಾತು ಅಲ್ಲಿಗೇ ಮುಗಿಸಿ ಚಹಾ ಹೇಳಿದ.

ಸರ್, ಆಂಪ್ಲಿಫಯರ್ ಸುಟ್ಟವನು ನಾನು. ಹೆಡ್‌ಮಾಸ್ತರರು ಇವತ್ತು ನಮ್ಮೊಂದಿಗಿಲ್ಲ, ಅವರಿಗೂ ಹೇಳಬೇಕಿತ್ತು.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಪಿಯುಸಿ ವಿಜ್ಞಾನಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಬಿಇ ಓದಲು ಹೋದೆ. ಅವನು ಪೂರ್ತಿಯಾಗಿ ಕಾಕಾನ ಅಂಗಡಿಗೆ. ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲೇ ಓದಿದೆ, ಆದರೆ ನಾಲ್ಕು ವರ್ಷದಲ್ಲಿ ಬೆಸುಗೆ ಹಾಕಿದ್ದು ಎಷ್ಟು ಸಲ ಎಂದರೆ ಬೆರಳು ಹೆಚ್ಚಾಗುತ್ತವೆ. ನಮ್ಮಲ್ಲಿ ಕೆಲವರು ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿದ್ಧಪಡಿಸಿದ್ದೇ ಅಂಗಡಿಯಿಂದ ಕೊಂಡು ತಂದರು. ಆಮೇಲೆ ಕೆಲಸ, ಕಂಪ್ಯೂಟರ್, ಮೀಟಿಂಗು. ಒಂಬತ್ತು ವರ್ಷ ಸೋಲ್ಡರಿಂಗ್ ಐರನ್ ಮುಟ್ಟಲಿಲ್ಲ.

ಮತ್ತೆ ಮುಟ್ಟಿದ್ದು ಅವ್ವನ ರೇಡಿಯೊದಿಂದ. ಅವ್ವ ನಮ್ಮ ಜೊತೆ ಇರಲು ಬೆಂಗಳೂರಿಗೆ ಬಂದಾಗ ಅದನ್ನೂ ತಂದಿದ್ದರು, ಅದು ಹಾಡುತ್ತಿರಲಿಲ್ಲ. ಹೊಸದು ತರಿಸುತ್ತೇನೆ ಎಂದೆ. "ನೀ ಎಂಜಿನಿಯರ್ ಅಲ್ಲೇನಪಾ?" ಅಂದರು. ಎಸ್.ಪಿ. ರೋಡಿಗೆ ಹೋದೆ. ಹೋಗದವರಿಗೆ ಹೇಳುತ್ತೇನೆ, ಸಂತೆಯಲ್ಲಿ ಮೆಣಸಿನಕಾಯಿ ಸುರಿದ ಹಾಗೆ ಅಲ್ಲಿ ಬಿಡಿಭಾಗ ಸುರಿದಿರುತ್ತಾರೆ. ಐರನ್, ಲೆಡ್, ಒಂದು ಮೀಟರ್ ಕೊಂಡೆ. ಅಲ್ಲೇ ಒಂದು ಅಂಗಡಿಯ ಮುಂದೆ ಪರಿಚಯವಾದವರು ತಮ್ಮ ಭಾನುವಾರದ ಕೂಟಕ್ಕೆ ಕರೆದರು. ಯಾರದೋ ಮನೆಯ ತಾರಸಿ. ಒಬ್ಬರು ಬ್ಯಾಂಕಿನವರು, ಒಬ್ಬರು ದಂತವೈದ್ಯೆ, ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ಆಟೊ ಓಡಿಸುವವರು, ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಅಲ್ಲಿ ನಿಮ್ಮ ಕಂಪನಿ ಯಾವುದು, ಪ್ಯಾಕೇಜ್ ಎಷ್ಟು ಎಂದು ಯಾರೂ ಕೇಳುವುದಿಲ್ಲ. "ಏನು ಮಾಡ್ತಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದೆ?" ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿ ಇಷ್ಟು ವರ್ಷಕ್ಕೆ ನನಗೆ ಊರಿನ ಹಾಗೆ ಅನಿಸಿದ ಜಾಗ ಅದೊಂದೇ.

ಆ ಹಿರಿಯರು ಬಹಳ ಕತೆ ಹೇಳುತ್ತಾರೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಪ್ರಸಾರ ಯಂತ್ರ ಇಟ್ಟು ರೇಡಿಯೊ ಕೇಂದ್ರ ತೆರೆದದ್ದನ್ನು ನನಗೆ ಮೊದಲು ಹೇಳಿದ್ದು ಅವರೇ. ಗೋಪಾಲಸ್ವಾಮಿಯವರು ಕಲಿಸುತ್ತಿದ್ದದ್ದು ಮನಃಶಾಸ್ತ್ರ, ರೇಡಿಯೊ ಅವರ ಹವ್ಯಾಸ. ಯಂತ್ರದ ಶಕ್ತಿ 30 ವ್ಯಾಟ್. ನಮ್ಮ ಸೋಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತದೆ, ಲೆಕ್ಕ ಹಾಕಿ. ಆ ಕೇಂದ್ರದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ಬಂತು.

ಇನ್ನೊಂದು ಕತೆ ಅಮೆರಿಕದ್ದು. 1975ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕ್ ಎಂಬಲ್ಲಿ ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ ಕೆಲವು ಹವ್ಯಾಸಿಗಳು ಸೇರಿದರು, ಮನೆಯಲ್ಲೇ ಕಂಪ್ಯೂಟರ್ ಮಾಡಬಹುದೇ ಎಂದು ಮಾತಾಡಲು. ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂದು ಅದರ ಹೆಸರು. ಸ್ಟೀವ್ ವೋಜ್ನಿಯಾಕ್ ಎಂಬ ಯುವಕ ತಾನು ಮಾಡಿದ ಕಂಪ್ಯೂಟರಿನ ನಕ್ಷೆಯನ್ನು ಪ್ರತಿ ಮಾಡಿಸಿ ಅಲ್ಲಿ ಬಂದವರಿಗೆ ಪುಕ್ಕಟೆ ಹಂಚುತ್ತಿದ್ದ. ಅದೇ ಕಂಪ್ಯೂಟರ್ ಆಮೇಲೆ ಆಪಲ್ ಕಂಪನಿಯ ಮೊದಲ ಸರಕಾಯಿತು. ನಮ್ಮವರು ಕಂಪನಿಯ ಕತೆ ಹೇಳುತ್ತಾರೆ, ಹಂಚಿದ್ದನ್ನು ಹೇಳುವುದಿಲ್ಲ. ಈಗ ಹುಡುಗರು ಬಳಸುವ ಆರ್ಡುಯಿನೊ ಬೋರ್ಡೂ ಹೀಗೆಯೇ. 2005ರಲ್ಲಿ ಇಟಲಿಯ ಇವ್ರೆಯಾ ಊರಿನಲ್ಲಿ ವಿದ್ಯಾರ್ಥಿಗಳಿಗೆ ಅಗ್ಗವಾಗಿ ಸಿಗಲಿ ಎಂದು ಮಾಡಿ, ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೇ ಎಸ್.ಪಿ. ರೋಡಿನಲ್ಲಿ ಅದರ ತದ್ರೂಪು ನಮ್ಮ ಕೈಗೆಟಕುವ ಬೆಲೆಗೆ ಸಿಗುತ್ತದೆ.

ಒಂದು ಭಾನುವಾರ ತಾರಸಿಯಲ್ಲಿ ಒಂದು ಪವರ್ ಸಪ್ಲೈ ನಮ್ಮನ್ನು ಕಾಡಿತು. ಹಚ್ಚಿದರೆ ಟಿಕ್ ಟಿಕ್ ಎನ್ನುತ್ತದೆ, ವೋಲ್ಟೇಜ್ ನಿಲ್ಲುವುದಿಲ್ಲ. ಮೂರು ಜನ ಬಿಇಗಳು, ಒಬ್ಬ ಎಂಟೆಕ್, ಎರಡು ತಾಸು. ಕೊನೆಗೆ ನಾನು ಊರಿಗೆ ವಿಡಿಯೊ ಕಾಲ್ ಮಾಡಿದೆ. ಗೆಳೆಯ ಅಂಗಡಿಯಲ್ಲಿ ಯಾರದೋ ಪಂಪ್‌ಸೆಟ್ಟಿನ ಸ್ಟಾರ್ಟರ್ ಬೋರ್ಡ್ ಬಿಚ್ಚಿಕೊಂಡು ಕೂತಿದ್ದ. "ಫೋನ್ ಓರೆ ಮಾಡು. ಇನ್ನs ಓರೆ. ಅಲ್ಲಿ ಆ ಕಂಡೆನ್ಸರ್ ತಲಿ ಉಬ್ಬೈತಿ ನೋಡು. ನೇರ ಮ್ಯಾಲಿಂದ ನೋಡಿದ್ರ ಕಾಣಂಗಿಲ್ಲ ಅದು" ಅಂದ. ಬದಲಿಸಿದೆವು, ಸರಿಹೋಯಿತು. ಆವತ್ತಿನಿಂದ ತಾರಸಿಯವರಿಗೆ ಅವನು "ಊರಿನ ಗುರು". ಅವರು ಕೇಳುತ್ತಾರೆ, ಅವನು ಹೇಳುತ್ತಾನೆ. ಅವನೂ ಅವರಿಂದ ಕೇಳಿ ಕಲಿತ. ಆರ್ಡುಯಿನೊ ಅವನಿಗೆ ಕಲಿಸಿದ್ದು ಆ ದಂತವೈದ್ಯೆ.

ಈಗ ಶಾಲೆಯ ಮಾತು. ನಾವು 2004ರ ಬ್ಯಾಚಿನ ಕೆಲವರು ಸೇರಿ ಲ್ಯಾಬಿಗೆ ಒಂದು ಕಪಾಟು ಕೊಟ್ಟಿದ್ದೇವೆ. ಒಳಗೆ ಹನ್ನೆರಡು ಸೋಲ್ಡರಿಂಗ್ ಐರನ್, ಆರು ಮೀಟರ್, ಡಬ್ಬಿಗಳಲ್ಲಿ ಬಿಡಿಭಾಗ. ಹಣ ಕೊಟ್ಟವರ ಹೆಸರು ಬರೆಸುವುದು ಬೇಡ ಎಂದಿದ್ದೇವೆ. ಎರಡು ಮಾತು ಮಾತ್ರ ಮುಖ್ಯೋಪಾಧ್ಯಾಯರನ್ನು ಬೇಡಿಕೊಂಡೆವು, ಅವರು ಒಪ್ಪಿದ್ದಾರೆ. ಕೀಲಿ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳ ಹತ್ತಿರ ಇರಬೇಕು. ಏನಾದರೂ ಸುಟ್ಟರೆ ಯಾರು ಎಂದು ಕೇಳಬಾರದು, ಹೇಗೆ ಎಂದು ಕೇಳಬೇಕು.

ಕೀಲಿ ಇಡುವ ಇಬ್ಬರಲ್ಲಿ ಒಬ್ಬಳು ಹುಡುಗಿ ಇರಲಿ ಎಂದೂ ಕೇಳಿದ್ದೇನೆ, ಅದಕ್ಕೆ ಕಾರಣವಿದೆ. ನಮ್ಮ ತರಗತಿಯಲ್ಲಿ ಒಬ್ಬಳಿದ್ದಳು. ನೀರಿನ ಅಲಾರಂ ನೋಡಿ, ಬಜರ್ ಬದಲು ದೀಪ ಹಾಕಿದರೆ ಕಿವಿ ಕೇಳಿಸದ ತನ್ನ ಅಜ್ಜಿಗೂ ಗೊತ್ತಾಗುತ್ತದಲ್ಲ ಎಂದವಳು ಅವಳು. ನಮಗೆ ಅದು ಹೊಳೆದಿರಲಿಲ್ಲ. ಆದರೆ ಬಸ್ ಸ್ಟ್ಯಾಂಡಿನ ರಿಪೇರಿ ಅಂಗಡಿಯ ಮುಂದೆ ಹುಡುಗರು ನಿಲ್ಲಬಹುದಿತ್ತು, ಅವಳು ನಿಲ್ಲುವ ಹಾಗಿರಲಿಲ್ಲ. ಅವಳು ಕಲಿಯಬಹುದಾಗಿದ್ದ ಜಾಗ ಈ ಶಾಲೆಯೊಂದೇ, ಇಲ್ಲಿಯ ಶನಿವಾರದ ತಾಸಿಗೂ ನಾವು ಅವಳನ್ನು ಕರೆಯಲಿಲ್ಲ.

ಪಾಲಕರಿಗೆ ಭಯ ಇರುತ್ತದೆ, ಕರೆಂಟಿನ ಕೆಲಸ ಎಂದು. ಭಯ ಇರಬೇಕು ಕೂಡ. ಅದಕ್ಕೆ ಮಕ್ಕಳು ಮಾಡುವುದೆಲ್ಲ 12 ವೋಲ್ಟಿನ ಒಳಗೆ, ಸೆಲ್ಲಿನ ಮೇಲೆ. ಗೋಡೆಯ ಕರೆಂಟು ಐರನ್ನಿಗೆ ಮಾತ್ರ, ಅದೂ ದೊಡ್ಡವರು ಇದ್ದಾಗ. ಕಿಟಕಿ ತೆರೆದಿರಬೇಕು. ಬೆಸುಗೆಯ ಲೆಡ್ಡಿನಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಅದಕ್ಕಿಂತ ಮೊದಲು ಏನೂ ತಿನ್ನಬಾರದು. ಟಿವಿ ಹಿಂಬದಿ ಬಿಚ್ಚುವಂತಿಲ್ಲ. ಪ್ಲಗ್ ಕಿತ್ತಿದ್ದರೂ ಒಳಗಿನ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ. ನನಗೆ ಒಮ್ಮೆ ಹೊಡೆದಿದೆ, ಮೊಣಕೈಯವರೆಗೆ ಜುಮ್ಮೆಂದಿತ್ತು.

ಗೆಳೆಯ ಹದಿನೈದು ದಿನಕ್ಕೊಂದು ಶನಿವಾರ ಬಂದು ಕಲಿಸಲು ಒಪ್ಪಿದ್ದಾನೆ. ಆ ಹೊತ್ತಿಗೆ ಅಂಗಡಿ ಮುಚ್ಚಿದರೆ ಅವನಿಗೆ ನಷ್ಟವಿದೆ, ಅದು ನನಗೆ ಗೊತ್ತು. ಅವನು ಲ್ಯಾಬಿನೊಳಗೆ ಕಾಲಿಟ್ಟು ಇಪ್ಪತ್ತೊಂದು ವರ್ಷವಾಗಿತ್ತು. ನಿನ್ನೆ ಕಪಾಟು ಇಳಿಸುವಾಗ ಬಾಗಿಲಲ್ಲಿ ನಿಂತುಬಿಟ್ಟ. ಸರ್ ಒಳಗಿನಿಂದ, "ಬಾರಪ್ಪಾ ಒಳಗ" ಎಂದ ಮೇಲೆಯೇ ಬಂದ.

ಮಕ್ಕಳೇ, ನಿಮ್ಮ ಮನೆಯಲ್ಲಿ ಹೋದ ಎಲ್‌ಇಡಿ ಬಲ್ಬು ಇದ್ದೇ ಇರುತ್ತವೆ. ಶನಿವಾರ ತನ್ನಿ. ಹೋಲ್ಡರಿಗೆ ಹಾಕದೆ, ಮೇಲಿನ ಬಿಳಿ ಬುರುಡೆ ಬಿಚ್ಚಿ ನೋಡೋಣ. ಹಳದಿ ಚುಕ್ಕೆಗಳ ನಡುವೆ ಒಂದರ ಮೇಲೆ ಕಪ್ಪು ಕಲೆ ಇದ್ದರೆ, ಹೆಚ್ಚಿನಂಶ ಸತ್ತಿರುವುದು ಅದೊಂದೇ. ಮಾಲೆಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ಒಂದು ಸತ್ತರೆ ಎಲ್ಲವೂ ಆರಿದಂತೆ ಕಾಣುತ್ತದೆ. ಉಳಿದವನ್ನು ಬಿಡಿಸಿ ಇಟ್ಟುಕೊಳ್ಳೋಣ, ಕೆಲಸಕ್ಕೆ ಬರುತ್ತವೆ. ನೀರಿನ ಅಲಾರಂ ನಕ್ಷೆಯ ಪ್ರತಿಗಳನ್ನು ತಂದಿದ್ದೇನೆ, ಹೋಗುವಾಗ ಎಲ್ಲರೂ ಒಂದೊಂದು ಒಯ್ಯಿರಿ. ಅದರ ಕೆಳಗೆ ಮಾಡಿದವರ ಹೆಸರು ಬರೆದಿದ್ದೇನೆ. ಅದು ನನ್ನ ಹೆಸರಲ್ಲ. ಹೇಳಬೇಡ ಎಂದಿದ್ದಾನೆ, ಬರೆಯಬೇಡ ಎಂದಿಲ್ಲ.

ನಾನು ಇಷ್ಟು ಹೊತ್ತು ಮಾತಾಡಿದ ಈ ಮೈಕ್ ಸೆಟ್ಟೂ ಅವನದೇ. ಅಗೋ, ಆ ಮೂಲೆಯಲ್ಲಿ ನಿಂತು, ಸಾಕು ಮುಗಿಸು ಎಂದು ಕೈ ಮಾಡುತ್ತಿದ್ದಾನೆ. ಇನ್ನೆರಡು ನಿಮಿಷ ಹೆಚ್ಚು ಮಾತಾಡಿದರೆ ಬಂದ್ ಮಾಡಿಯೇ ಬಿಡುತ್ತಾನೆ.